ಶಿರಾ: ಹೊತ್ತೊಯ್ದ ರಾಜಧಾನಿ

ಹಿರಿಯೂರಿನಿಂದ ಬೆಂಗಳೂರಿಗೆ ಬರುವವರಿಗೆ ತಾವರೆಕೆರೆ ದಾಟಿದ ಮೇಲೆ ಶಿರಾ ಸಮೀಪಿಸುತ್ತದೆ. ಹೆದ್ದಾರಿಯು ಈಗ ಊರನ್ನು ಹೊಗದೆ ಪಕ್ಕದಲ್ಲಿಯೇ ಸಾಗಿಬಿಡುವುದರಿಂದ, ಬಹುಮಂದಿ ಪ್ರಯಾಣಿಕರಿಗೆ ಶಿರಾ ಎಂದರೆ ಕೈಮರದ ಮೇಲಿನ ಒಂದು ಹೆಸರು ಮಾತ್ರ. ಸುತ್ತಲೂ ಬಯಲು, ಕಡಲೆಕಾಯಿಯ ಹೊಲ, ಜಾಲಿಯ ಮರ, ಕುರಿಯ ಹಿಂಡು. ಈ ಬಯಲಿನ ನಡುವೆ ಎಪ್ಪತ್ತು ವರ್ಷಗಳ ಕಾಲ ಒಂದು ರಾಜಧಾನಿ ಇದ್ದಿತೆಂದೂ, ಮೈಸೂರು, ಬಿದನೂರು, ಚಿತ್ರದುರ್ಗ, ಹರಪನಹಳ್ಳಿಗಳ ಅರಸರು ಇದಕ್ಕೆ ಕಪ್ಪ ಸಲ್ಲಿಸಬೇಕಾಗಿತ್ತೆಂದೂ ಹೇಳಿದರೆ ಕೇಳಿದವರು ನಕ್ಕಾರು. ಆದರೆ ಇದು ಕಟ್ಟುಕಥೆಯಲ್ಲ.

ಊರಿನ ಹುಟ್ಟೇ ಒಂದು ದುರಂತ. ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪನಾಯಕನು ಇಲ್ಲಿ ಕೋಟೆಯ ಕೆಲಸವನ್ನು ತೊಡಗಿದನು. ಅದು ಮುಗಿಯುವ ಮೊದಲೇ, 1638ರ ಸುಮಾರಿಗೆ, ರಣದುಲ್ಲಾಖಾನನ ನಾಯಕತ್ವದಲ್ಲಿ ಬಿಜಾಪುರದ ದಂಡು ಬಂದಿತು. ಶರಣಾಗಲೆಂದು ಡೇರೆಗೆ ಬಂದ ನಾಯಕನನ್ನು ಬಿಜಾಪುರದ ಸರದಾರ ಅಫ್ಜಲ್‌ಖಾನನು ಕೊಲ್ಲಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಇಪ್ಪತ್ತು ವರ್ಷಗಳ ತರುವಾಯ, 1659ರಲ್ಲಿ, ಪ್ರತಾಪಗಢದ ಬುಡದಲ್ಲಿ ಅದೇ ಅಫ್ಜಲ್‌ಖಾನನನ್ನು ಕಾಣಲು ಹೊರಟ ಶಿವಾಜಿಯು ಅಂಗಿಯೊಳಗೆ ಉಕ್ಕಿನ ಕವಚ ತೊಟ್ಟುದಕ್ಕೆ ನಮ್ಮ ಶಿರಾದ ನಾಯಕನ ಗತಿಯೂ ಒಂದು ಕಾರಣವೆಂಬುದನ್ನು ನಾವು ಕನ್ನಡಿಗರು ಮರೆತೇಬಿಟ್ಟಿದ್ದೇವೆ.

ನಾಯಕನು ಅರ್ಧಕ್ಕೆ ಬಿಟ್ಟ ಕೋಟೆಯನ್ನು ಬಿಜಾಪುರದವರು ಪೂರೈಸಿದರು. ಅವರ ಅಧಿಕಾರಿ ಮಲಿಕ್ ರಿಹಾನನ ಗೋರಿ ಇಂದಿಗೂ ಊರಿನಲ್ಲಿದೆ. ಜನ ಅದನ್ನು ದರ್ಗಾ ಎಂದು ನಡೆದುಕೊಳ್ಳುತ್ತಾರೆ. 1687ರಲ್ಲಿ ಮೊಗಲರು ತುಂಗಭದ್ರೆಯ ದಕ್ಷಿಣದ ನಾಡಿಗೆ ಶಿರಾವನ್ನು ಮುಖ್ಯಪಟ್ಟಣವನ್ನಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಇದಕ್ಕೆ ಸೇರಿದ್ದವು. ಮೊದಲ ಸುಬೇದಾರ ಖಾಸಿಂಖಾನ. ಬೆಂಗಳೂರನ್ನು ವಶಪಡಿಸಿಕೊಂಡು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟವನು ಇವನೇ. ಇವನ ಅಂತ್ಯ ಮಾತ್ರ ಚೆನ್ನಾಗಲಿಲ್ಲ: 1695ರಲ್ಲಿ ದೊಡ್ಡೇರಿಯ ಕೋಟೆಯಲ್ಲಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಅಲ್ಲಿಯೇ ಸತ್ತನು.

ಮುಂದೆ ಬಂದ ಸುಬೇದಾರರ ಹೆಸರುಗಳ ಪಟ್ಟಿಯಿಂದ ನಿಮ್ಮನ್ನು ಬಳಲಿಸುವುದಿಲ್ಲ. ಅವರಲ್ಲಿ ದಿಲಾವರ್‌ಖಾನನೊಬ್ಬನನ್ನು ನೆನೆದರೆ ಸಾಕು. ಅವನ ಕಾಲದಲ್ಲಿ ಊರಿನಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಪ್ರತೀತಿ. ಲೆಕ್ಕವನ್ನು ಅರ್ಧಕ್ಕೆ ಇಳಿಸಿದರೂ, ಬೇಡ, ಕಾಲಿಗೆ ಇಳಿಸಿದರೂ ಅದು ದೊಡ್ಡ ಪಟ್ಟಣವೇ. ಅವನು ಕಟ್ಟಿಸಿದ ಅರಮನೆಯ ಅಂದವನ್ನು ಕಂಡೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಿದರೆಂದು ಲೂಯಿ ರೈಸ್ ತಮ್ಮ ಗ್ಯಾಸೆಟಿಯರಿನಲ್ಲಿ ಬರೆದಿದ್ದಾರೆ. ಶಿರಾದ ಖಾನ್‌ಬಾಗ್ ಎಂಬ ತೋಟವೇ ಲಾಲ್‌ಬಾಗಿಗೆ ಪ್ರೇರಣೆಯೆಂಬುದೂ ಅವರ ಊಹೆ. ಇಲ್ಲಿ ನನ್ನದೊಂದು ಸಣ್ಣ ತಕರಾರಿದೆ. ಹೈದರನು ಲಾಲ್‌ಬಾಗನ್ನು ತೊಡಗಿದ್ದು 1760ರಲ್ಲಿ ಎನ್ನುತ್ತಾರೆ. ಶಿರಾ ಅವನ ಕೈಸೇರಿದ್ದು 1761ರಲ್ಲಿ. ಗೆಲ್ಲುವ ಮೊದಲೇ ತೋಟವನ್ನು ನೋಡಿ ಮೆಚ್ಚಿದ್ದನೆ?

ಮೆಚ್ಚಿದ್ದಿರಬಹುದು. ಶಿರಾ ಹೈದರನಿಗೆ ಅಪರಿಚಿತ ಊರಲ್ಲ. ಅವನ ತಂದೆ ಫತೇ ಮಹಮ್ಮದನು ಶಿರಾದ ನವಾಬರ ಊಳಿಗದಲ್ಲಿಯೇ ಮೇಲೆ ಬಂದವನು. ತಂದೆ ಯುದ್ಧದಲ್ಲಿ ಮಡಿದ ಮೇಲೆ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿಖಾನನು ಕುಟುಂಬದ ಆಸ್ತಿಯನ್ನೆಲ್ಲ ಕಿತ್ತುಕೊಂಡು, ಇನ್ನಷ್ಟು ಹಣ ಹೊರಡಿಸಲೆಂದು ಬಾಲಕ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ತುರುಕಿ ಹಿಂಸೆಪಡಿಸಿದನೆಂಬ ಕಥೆಯಿದೆ. 1761ರಲ್ಲಿ ಹೈದರನ ದಂಡು ದೊಡ್ಡಬಳ್ಳಾಪುರಕ್ಕೆ ಬಂದಾಗ ಆ ಅಬ್ಬಾಸ್ ಕುಲಿಯು ಮದರಾಸಿಗೆ ಪಲಾಯನ ಮಾಡಿದನು. ಅದೇ ದಂಡಯಾತ್ರೆಯಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗನು ಮೂರು ಲಕ್ಷ ರೂಪಾಯಿ ಪಡೆದು ಹೈದರನಿಗೆ ‘ಶಿರಾದ ನವಾಬ’ ಎಂಬ ಬಿರುದು ಕೊಟ್ಟನು. ಆಗ ಶಿರಾ ಮರಾಠರ ವಶದಲ್ಲಿತ್ತು. ಕೊಟ್ಟವನ ಕೈಯಲ್ಲಿ ಊರೇ ಇರಲಿಲ್ಲ! ಹೈದರನೇ ಹೋಗಿ ಅದನ್ನು ಗೆದ್ದುಕೊಂಡನು. ಚಿಕ್ಕದೇವರಾಜ ಒಡೆಯರು ಇಡೀ ಬೆಂಗಳೂರಿಗೆ ಕೊಟ್ಟದ್ದೂ ಮೂರು ಲಕ್ಷವೇ ಎಂಬುದನ್ನು ನೆನೆದರೆ ಬಿರುದಿನ ಬೆಲೆ ತಿಳಿದೀತು.

ಹೈದರನ ಕೈಸೇರಿದ ಶಿರಾ 1766ರಲ್ಲಿ ಮತ್ತೆ ಮರಾಠರ ಪಾಲಾಯಿತು. 1774ರಲ್ಲಿ ಟಿಪ್ಪು ಅದನ್ನು ಮರಳಿ ಪಡೆದನು. ಆದರೆ ಊರಿನ ಬೆನ್ನುಮೂಳೆ ಮುರಿದದ್ದು ಈ ಮುತ್ತಿಗೆಗಳಿಂದಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಿಸಲು ಟಿಪ್ಪು ಶಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಬಲವಂತದಿಂದ ಸಾಗಿಸಿದನೆಂದು ದಾಖಲೆಯಿದೆ. ಗಂಜಾಮಿನ ವೈಭವವನ್ನು ಬಣ್ಣಿಸುವವರು ಬಹಳ ಮಂದಿ. ಬಾಗಿಲಿಕ್ಕಿದ ಶಿರಾದ ಮನೆಗಳನ್ನು ಕುರಿತು ಯಾರೂ ಎರಡು ಮಾತು ಬರೆದಂತಿಲ್ಲ. ಬಯಲುಸೀಮೆಯಿಂದ ಕಾವೇರಿಯ ತೀರದವರೆಗೆ ಮಕ್ಕಳು, ಮುದುಕರು, ಪಾತ್ರೆ ಪದಾರ್ಥಗಳೊಡನೆ ಆ ಜನ ಎಷ್ಟು ದಿನ ನಡೆದರೋ! 1800ರಲ್ಲಿ ಬುಕಾನನ್ ಇಲ್ಲಿಗೆ ಬಂದಾಗ ಹಳೆಯ ವೈಭವವು ಜನರ ಬಾಯಲ್ಲಿ ಮಾತ್ರ ಉಳಿದಿತ್ತು.

ಇಂಥದು ನಮ್ಮಲ್ಲಿ ಮಾತ್ರ ನಡೆದುದೆಂದೂ ಅಲ್ಲ. ಆಗ್ನೇಯ ಏಷ್ಯದ ಲಾವೋಸಿನಲ್ಲಿ ವಿಯೆಂಟಿಯಾನ್ ಎಂಬ ಪುಟ್ಟ ರಾಜಧಾನಿಯಿದೆ. 1779ರಲ್ಲಿ ಸಿಯಾಮಿನವರು ಅಲ್ಲಿಯ ಹಸಿರು ಬುದ್ಧನ ವಿಗ್ರಹವನ್ನು ಹೊತ್ತೊಯ್ದರು. ಅದು ಇಂದು ಬ್ಯಾಂಕಾಕಿನಲ್ಲಿದೆ, ವಿಯೆಂಟಿಯಾನಿನ ಗುಡಿಯಲ್ಲಿ ಆ ವಿಗ್ರಹವಿಲ್ಲ. ಮತ್ತೆ 1828ರಲ್ಲಿ ಊರನ್ನೇ ನೆಲಸಮಮಾಡಿ ಜನರನ್ನು ಮೇಕಾಂಗ್ ನದಿಯಾಚೆಗೆ ಸಾಗಿಸಿದರು. ಪ್ರವಾಸಿಗಳು ಇಂದು ಅಲ್ಲಿ ಹೋಗಿ ನೋಡುವ ಸಿಸಾಕೇತ್ ವಿಹಾರವು ಆ ಬೆಂಕಿಯಿಂದ ಪಾರಾಗಿ ಉಳಿದುದು. ಆ ಊರು ಫ್ರೆಂಚರ ಕಾಲದಲ್ಲಿ ಮತ್ತೆ ರಾಜಧಾನಿಯಾಯಿತು. ಶಿರಾಕ್ಕೆ ಆ ಭಾಗ್ಯ ಬರಲಿಲ್ಲ.

ಹಾಗಾದರೆ ಶಿರಾದಲ್ಲಿ ನೋಡುವುದೇನು? ದಿಲಾವರನ ಅರಮನೆ ಮಣ್ಣುಗೂಡಿದೆ. ಖಾನ್‌ಬಾಗಿನ ಗಿಡಗಳಿಲ್ಲ. ಹೊತ್ತೊಯ್ಯಲಾಗದ ಕಲ್ಲಿನ ಕೆಲಸ ಉಳಿದಿದೆ: ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ, ಕೋಟೆಯ ಗೋಡೆ, ಕಂದಕ. ನಾನು ಕಂಡಂತೆ ಮಸೀದಿಯ ಕಲ್ಲುಗೆಲಸದ ಗಾಂಭೀರ್ಯಕ್ಕೆ ಬೆಳಗಿನ ಬಿಸಿಲು ಚೆನ್ನಾಗಿ ಒಪ್ಪುತ್ತದೆ. ಕೆರೆಗಳಂತೂ ಇವೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೆರೆಯಿಲ್ಲದೆ ಕೋಟೆ ಕಟ್ಟುವ ಹುಚ್ಚನ್ನು ಯಾವ ನಾಯಕನೂ ಮಾಡಲಾರ. ಸುತ್ತಿನ ಹಳ್ಳಿಗಳ ಹೆಸರುಗಳಲ್ಲಿಯೂ ಕೆರೆಯೇ ತುಂಬಿದೆ.

ಊರಿನಿಂದ ಕೆಲವೇ ಮೈಲಿ ದೂರದ ಕಗ್ಗಲಡುವಿಗೆ ತಪ್ಪದೆ ಹೋಗಬೇಕು. ಹಳ್ಳಿಯ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಗೂಡು ಕಟ್ಟುತ್ತವೆ. ಹೊರಗಿನವರಿಗೆ ಇದು ತಿಳಿದದ್ದು 1990ರ ದಶಕದಲ್ಲಿ. ಹಕ್ಕಿಗಳನ್ನು ಕಾಯುತ್ತ ಬಂದವರು ಹಳ್ಳಿಯ ಜನರೇ. ಪಶ್ಚಿಮಕ್ಕೆ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರವೆಂಬ ಸಣ್ಣ ಜಿಂಕೆಯಿದೆ. ಅದರ ಸಲುವಾಗಿ 2019ರಲ್ಲಿ ಅಲ್ಲಿ ಸುಮಾರು 136 ಚದರ ಕಿಲೋಮೀಟರಿನ ಅಭಯಾರಣ್ಯವನ್ನು ಘೋಷಿಸಿದರು. ಮಧುಗಿರಿಯ ಕಡೆ ಮೈದೇನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ.

ಕೊಕ್ಕರೆಗಳನ್ನು ನೋಡಬೇಕೆಂದಿರುವವರು ಫೆಬ್ರವರಿಯಿಂದ ಆಗಸ್ಟಿನೊಳಗೆ ಹೋಗಬೇಕು. ಮರಿಗಳು ಬಲಿತ ಮೇಲೆ ಅವೂ ಊರು ಬಿಟ್ಟು ಹೋಗುತ್ತವೆ. ಆದರೆ ಮುಂದಿನ ವರ್ಷ, ಯಾರೂ ಅಟ್ಟದೆ, ಅದೇ ಹುಣಸೆಮರಗಳಿಗೆ ತಾವಾಗಿಯೇ ಹಿಂತಿರುಗುತ್ತವೆ.