ಅಜ್ಜಿಯ ಇನಾಂತಿ ಹೊಲ

ಹಳೇ ತೋಟ, ತೊಟ್ಟಿಮನೆ, ಸುಗ್ಗಿ ಕಣ, ಇವುಗಳ ನೆನಪು ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟಿದೆ. ಆ ಕಣದಲ್ಲಿ ರಾಗಿ ಬಡಿದವರ ನೆನಪು ಎಲ್ಲಿದೆ? ಜೀತದಾಳಿಗೂ ಹೊಲದ ನೆನಪುಂಟು, ಆದರೆ ಹೊಲ ಮಾತ್ರ ಇನ್ನೊಬ್ಬರದು. ನಮ್ಮದು ಅಂತ ಹೇಳಿಕೊಳ್ಳೋಕೆ ಹೊಲಗೇರಿಯ ಎಷ್ಟೋ ಮನೆಗಳಿಗೆ ಇದ್ದದ್ದು ಒಂದೇ: ತೋಟಿ ಇನಾಂತಿ.

ನಮ್ಮಜ್ಜಿ ಬಾಯಲ್ಲೂ ಒಂದು ಹೊಲ ಇತ್ತು. "ಕೆರೆ ಹಿಂದ್ಲು ವೊಲ ಕಣಪ್ಪ. ಬದದ ಮ್ಯಾಲೆ ಹಿಪ್ಪೆಮರ. ರಾಗಿ ಒಳಗೆ ಅವರೆ, ಹುಚ್ಚೆಳ್ಳು ಅಕ್ಕಡಿ ಸಾಲು. ಹುಚ್ಚೆಳ್ಳು ಹೂ ಬಿಟ್ರೆ ಅರಿಸಿನ ಚೆಲ್ದಂಗೆ" ಅನ್ನೋಳು. ಮುಖ ಅರಳೋದು. ನಾನು ನಾಕಕ್ಷರ ಕಲಿತ ಮೇಲೆ ಕೇಳಿದೆ: "ಅದನ್ನ ನಮಗೆ ಯಾಕೆ ಕೊಟ್ಟಿದ್ರಜ್ಜಿ?" ಅಜ್ಜಿ ಸುಮ್ಮನಾದಳು. ಆಮೇಲೆ, "ನಿಮ್ತಾತ ಊರ ಸತ್ತ ದನ ಎಳೀತಿದ್ನಲ್ಲ, ಅದ್ಕೆ" ಅಂದಳು.

ಅದೇ ಆ ಹೊಲದ ಚರಿತ್ರೆ. ಸತ್ತ ದನ ಎಳೆಯಬೇಕು, ತಮಟೆ ಬಡಿದು ಸಾರಬೇಕು, ಕಂದಾಯಕ್ಕೆ ಜನರನ್ನು ಕರೆಯಬೇಕು, ಸಾಹೇಬರು ಬಂದರೆ ಗಂಟು ಹೊರಬೇಕು. ಹೊತ್ತಿಲ್ಲ ಗೊತ್ತಿಲ್ಲ. ಹೊಲಕ್ಕೆ ಹಣದ ಕಂದಾಯ ಕಮ್ಮಿ, ಮೈಯ ಕಂದಾಯ ಜಾಸ್ತಿ.

ಇದು ಮೈಸೂರು ಸೀಮೆಯೊಂದರ ಕಥೆಯಲ್ಲ. ಬೆಳಗಾವಿ, ಧಾರವಾಡ, ಬಿಜಾಪುರ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಇದನ್ನೇ ವತನ ಅನ್ನುತ್ತಿದ್ದರು. ಅದನ್ನು 1874ರ ಕಾಯ್ದೆ ಕಟ್ಟಿಹಾಕಿತ್ತು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಈ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ತುಂಡು ಭೂಮಿ ಕೊಟ್ಟು ಇಡೀ ಕುಟುಂಬವನ್ನು ದುಡಿಸಿಕೊಳ್ಳುವ ಈ ಪದ್ಧತಿ ಗುಲಾಮಗಿರಿ ಎಂಬುದು ಅವರ ವಾದ. ಮಸೂದೆ ಪಾಸಾಗಲಿಲ್ಲ.

ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಪಟೇಲ, ಶಾನುಭೋಗ, ತೋಟಿ, ತಳವಾರ, ಎಲ್ಲರ ವಂಶಪಾರಂಪರ್ಯ ಹುದ್ದೆ ಹೋಯಿತು. ಜಮೀನನ್ನು ಸರ್ಕಾರ ವಾಪಸು ತಗೊಂಡು, ಹಣ ಕಟ್ಟಿದ ಹುದ್ದೆದಾರನಿಗೆ ಮರುಮಂಜೂರು ಮಾಡಬೇಕಿತ್ತು. ಪಟೇಲನಿಗೆ ಕಚೇರಿಯ ಬಾಗಿಲು ಗೊತ್ತಿತ್ತು. ತೋಟಿಗೆ ಗೊತ್ತಿದ್ದದ್ದು ಆ ಬಾಗಿಲ ಹೊರಗೆ ನಿಲ್ಲೋದು. ನಮ್ಮ ತಾತ ಅಷ್ಟರಲ್ಲಿ ಅತ್ತೆಯ ಮದುವೆ ಸಾಲಕ್ಕೆ ಹೆಬ್ಬೆಟ್ಟು ಒತ್ತಿಯಾಗಿತ್ತು. ಹೊಲದಲ್ಲಿ ಬೇರೆಯವರ ನೇಗಿಲು ಓಡುತ್ತಿತ್ತು.

1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮುರಿದು ಕೊಂಡಿದ್ದರೆ ಅದು ಅಸಿಂಧು. 1984ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಆದರೆ, ಗೆಳೆಯರೆ, ಅದರ ವ್ಯಾಖ್ಯೆ ಓದಿ ನೋಡಿ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಭೂಮಿಯನ್ನು ಹೊರಗಿಟ್ಟಿದೆ! ತೋಟಿ ಜಮೀನಿಗೆ ಸಿಕ್ಕಿದ್ದು 1978ರಲ್ಲೇ ಇನ್ನೊಂದು ಕಾಯ್ದೆಗೆ ಮಾಡಿದ ತಿದ್ದುಪಡಿ: ಮರುಮಂಜೂರಾದ ಜಮೀನನ್ನು 15 ವರ್ಷ ಮಾರಬಾರದು. ಮರುಮಂಜೂರೇ ಆಗದವನಿಗೆ ಈ 15 ವರ್ಷ ಯಾವ ಕಾವಲು?

ಹಾಗಾದರೆ ಅಜ್ಜಿಯ ನೆನಪು ಸುಳ್ಳೇ? ಅಲ್ಲ. ದನ ಎಳೆದ ಅವಮಾನವೂ ನಿಜ, ಹುಚ್ಚೆಳ್ಳು ಹೂವಿನ ಸುಖವೂ ನಿಜ. ಬಿತ್ತಿದವಳು ಅವಳೇ. ಭೂಮಿ ಬೇಕು, ಚಾಕರಿಯ ಹಗ್ಗ ಇಲ್ಲದ ಭೂಮಿ ಬೇಕು ಅನ್ನುವ ನಮ್ಮ ಬೇಡಿಕೆ ಇಂಥ ನೆನಪಿನಿಂದಲೇ ಹುಟ್ಟಿದ್ದು.

ಹಳ್ಳಿಯ ಮೇಷ್ಟರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಕೇರಿಯ ಮುದುಕರ ಹತ್ತಿರ ಕೂತು ಬರಕೊಳ್ಳಿ. ಯಾವ ಹೊಲ, ಯಾವ ದಿಕ್ಕಿಗೆ ಯಾವ ಮರ, ಯಾವ ಚಾಕರಿಗೆ ಕೊಟ್ಟದ್ದು, ಯಾವ ಸಾಲಕ್ಕೆ ಹೋಯಿತು? ಆಮೇಲೆ ತಾಲ್ಲೂಕು ಕಚೇರಿಗೆ ಹೋಗಿ ಸರ್ವೆ ನಂಬರು ಹುಡುಕಿ. ನಮ್ಮಜ್ಜಿಯನ್ನ ನಾನು ಸರ್ವೆ ನಂಬರು ಕೇಳಲಿಲ್ಲ. ಹಿಪ್ಪೆಮರ ಅಂತಷ್ಟೆ ಬರಕೊಂಡೆ. ಆ ಮರವನ್ನ ಯಾವಾಗಲೋ ಕಡಿದುಹಾಕಿದ್ದಾರೆ.