ಖಿನ್ನತೆಯ ಮಾತ್ರೆ ಬದಲಾಯಿಸುವಾಗ ಹಳೆಯ ಚೀಟಿ ಜೊತೆಯಲ್ಲಿರಲಿ

ಬಿಪಿ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಬದಲಾದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಖಿನ್ನತೆಯ ಮಾತ್ರೆ ಬದಲಾದದ್ದು ಮನೆಯವರಿಗೂ ಗೊತ್ತಿರುವುದಿಲ್ಲ, ಕೆಲವೊಮ್ಮೆ ಹೊಸ ವೈದ್ಯರಿಗೂ ಗೊತ್ತಿರುವುದಿಲ್ಲ. ಗಡಿಭಾಗದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ, ಜತ್ತಿನವರು ವಿಜಯಪುರಕ್ಕೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಊರಿನವರ ಕಣ್ಣು ತಪ್ಪಿಸುವುದಕ್ಕೂ ಇದು ಅನುಕೂಲವೇ. ಆದರೆ ಗುಣ ಕಾಣಲಿಲ್ಲವೆಂದು ಮುಂದಿನ ಸಲ ಸ್ವಂತ ಜಿಲ್ಲೆಯ ಬೇರೊಬ್ಬ ವೈದ್ಯರ ಬಳಿ ಹೋದಾಗ ಹಳೆಯ ಚೀಟಿ ಮನೆಯಲ್ಲೇ ಉಳಿದಿರುತ್ತದೆ. "ಬಿಳಿ ಮಾತ್ರೆ, ರಾತ್ರಿಗೆ ಒಂದು" ಎಂಬಷ್ಟೇ ವಿವರ ವೈದ್ಯರಿಗೆ ಸಿಗುತ್ತದೆ. ಈ ಔಷಧಗಳ ವಿಷಯದಲ್ಲಿ ಅದು ಸಾಲದು.

ಮೊದಲ ಮಾತ್ರೆಯಲ್ಲೇ ಎಲ್ಲರಿಗೂ ಗುಣವಾಗುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಅಮೆರಿಕದಲ್ಲಿ ಸುಮಾರು 4000 ಖಿನ್ನತೆಯ ರೋಗಿಗಳ ಮೇಲೆ ನಡೆದ 'ಸ್ಟಾರ್-ಡಿ' ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮೊದಲು ಕೊಟ್ಟ ಸಿಟಾಲೊಪ್ರಾಮ್ ಮಾತ್ರೆಯಿಂದ ಪೂರ್ತಿ ಚೇತರಿಸಿಕೊಂಡವರು ಮೂವರಲ್ಲಿ ಒಬ್ಬರು ಮಾತ್ರ. ಅದು ಹಿಡಿಸದವರಿಗೆ ಸರ್ಟ್ರಾಲಿನ್, ವೆನ್ಲಾಫ್ಯಾಕ್ಸಿನ್, ಬುಪ್ರೋಪಿಯಾನ್ ಎಂಬ ಮೂರರಲ್ಲಿ ಒಂದಕ್ಕೆ ಬದಲಾಯಿಸಿದಾಗ, ಯಾವುದನ್ನು ಕೊಟ್ಟರೂ ಸುಮಾರು ನಾಲ್ವರಲ್ಲಿ ಒಬ್ಬರು ಚೇತರಿಸಿಕೊಂಡರು. ಅಂದರೆ ಎಲ್ಲರಿಗೂ ಆಗುವ 'ಒಳ್ಳೆಯ ಮಾತ್ರೆ' ಎಂಬುದಿಲ್ಲ. ಪಕ್ಕದ ಮನೆಯವರಿಗೆ ಆದದ್ದು ನಮಗೂ ಆಗುತ್ತದೆ ಎನ್ನುವ ಹಾಗಿಲ್ಲ. ಬದಲಾಯಿಸಬೇಕಾಗಿ ಬಂದರೆ ರೋಗ ಕೈಮೀರಿತು ಎಂದು ಹೆದರಬೇಕಾಗಿಯೂ ಇಲ್ಲ.

ಆದರೆ ಅವಸರ ಸಲ್ಲದು. ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಕಳೆದ ಮೇಲಷ್ಟೇ ಹಿಡಿಸಿತೋ ಇಲ್ಲವೋ ಹೇಳಬಹುದು. ಅಡ್ಡಪರಿಣಾಮ ಮಾತ್ರ ಮೊದಲ ವಾರದಲ್ಲೇ ಬರುತ್ತದೆ: ವಾಕರಿಕೆ, ತಲೆನೋವು, ನಿದ್ದೆಗೇಡು, ಚಡಪಡಿಕೆ. ಆತಂಕ ಇರುವವರಿಗೆ ಆರಂಭದಲ್ಲಿ ಆತಂಕವೇ ಸ್ವಲ್ಪ ಹೆಚ್ಚಾದಂತೆ ಅನ್ನಿಸುವುದೂ ಉಂಟು, ಆದ್ದರಿಂದಲೇ ಅಂಥವರಿಗೆ ಅರ್ಧ ಪ್ರಮಾಣದಿಂದ ಶುರು ಮಾಡುವುದು. ಹತ್ತನೆಯ ದಿನಕ್ಕೆ "ಇದು ನಮಗೆ ಆಗುವುದಿಲ್ಲ" ಎಂದು ಬಿಟ್ಟವರು ಔಷಧ ಕೆಲಸ ಶುರು ಮಾಡುವ ಮೊದಲೇ ಬಿಟ್ಟಂತಾಯಿತು. ಬದಲಾಯಿಸುವ ಮುನ್ನ ವೈದ್ಯರು ದಿನವೂ ತಪ್ಪದೆ ತೆಗೆದುಕೊಂಡಿರೇ, ಕುಡಿತ ಇದೆಯೇ, ಥೈರಾಯ್ಡ್ ತೊಂದರೆ ಇದೆಯೇ ಎಂದು ಕೇಳುತ್ತಾರೆ. ಮುಚ್ಚುಮರೆ ಮಾಡಬಾರದು. ಹಿಂದೆ ಎಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಹುರುಪು, ಅತಿಯಾದ ಮಾತು, ಮಿತಿಯಿಲ್ಲದ ಖರ್ಚು ಕಂಡಿದ್ದರೆ ಅದನ್ನೂ ಹೇಳಬೇಕು. ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು.

ಬದಲಾವಣೆ ಹೇಗೆ?

ಮೂರು ಬಗೆಯಿದೆ. ಒಂದೇ ಗುಂಪಿನ ಮಾತ್ರೆಗಳಾದರೆ, ಉದಾಹರಣೆಗೆ ಎಸಿಟಾಲೊಪ್ರಾಮ್ ಬಿಟ್ಟು ಸರ್ಟ್ರಾಲಿನ್, ಕೆಲವೊಮ್ಮೆ ಇಂದು ಹಳೆಯದು, ನಾಳೆ ಹೊಸದು ಎಂದು ನೇರವಾಗಿಯೇ ಬದಲಾಯಿಸುತ್ತಾರೆ. ಇನ್ನು ಕೆಲವು ಸಲ ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸುತ್ತಾ ಹೋಗುತ್ತಾರೆ. ಆಗ ಕೆಲವು ದಿನ ಎರಡೂ ಮಾತ್ರೆ ಇರುತ್ತದೆ. ಚೀಟಿಯಲ್ಲಿ ಎರಡು ಹೆಸರು ಕಂಡು "ಡಾಕ್ಟರು ತಪ್ಪಿ ಬರೆದಿದ್ದಾರೆ" ಎಂದು ಮನೆಯಲ್ಲಿ ಒಂದನ್ನು ನಿಲ್ಲಿಸಿಬಿಡಬಾರದು. ಮೂರನೆಯದು, ಹಳೆಯದನ್ನು ಪೂರ್ತಿ ನಿಲ್ಲಿಸಿ, ನಡುವೆ ಬಿಡುವು ಕೊಟ್ಟು ಹೊಸದನ್ನು ಶುರು ಮಾಡುವುದು.

ಯಾವುದು ಎಂಬುದು ಹಳೆಯ ಮಾತ್ರೆ ಯಾವುದೆಂಬುದರ ಮೇಲೆ ನಿಂತಿದೆ. ವೆನ್ಲಾಫ್ಯಾಕ್ಸಿನ್ ಗಂಟೆಗಳ ಲೆಕ್ಕದಲ್ಲಿ ದೇಹದಿಂದ ಖಾಲಿಯಾಗುತ್ತದೆ. ಫ್ಲುಯೋಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಅದು ಉಳಿದಿರುವಾಗ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಕಾಲದ ಮಾತ್ರೆ ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. 'ಎಂಎಒಐ' ಎಂಬ ಗುಂಪಿನ ಔಷಧ ಶುರು ಮಾಡಬೇಕಾದರೆ ಸಾಮಾನ್ಯವಾಗಿ 14 ದಿನ, ಫ್ಲುಯೋಕ್ಸೆಟಿನ್ ನಂತರವಾದರೆ 5 ವಾರ ಬಿಡುವು ಬೇಕು. ಹಳೆಯ ಚೀಟಿ ಇಲ್ಲದೆ ವೈದ್ಯರು ಈ ಲೆಕ್ಕ ಹಾಕುವುದು ಹೇಗೆ?

ನೋವಿಗೆಂದು ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೋಮೆಥಾರ್ಫಾನ್, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಇವೂ ಖಿನ್ನತೆಯ ಮಾತ್ರೆಯ ಜೊತೆ ಸೇರಿ ತೊಂದರೆ ಮಾಡಬಲ್ಲವು. ನಡುಕ, ಸ್ನಾಯು ಸೆಟೆತ, ಜ್ವರ, ಬೆವರು, ಭೇದಿ, ಮಂಕು ಒಟ್ಟಿಗೆ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ರೋಗ ಮರಳಿತೋ, ಮಾತ್ರೆ ಬಿಟ್ಟ ಪರಿಣಾಮವೋ?

ಹೆಚ್ಚಿನವರು ಎಡವುವುದು ಇಲ್ಲೇ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳನ್ನು ಥಟ್ಟನೆ ಬಿಟ್ಟರೆ ಎರಡು ಮೂರು ದಿನದೊಳಗೆ ತಲೆಸುತ್ತು, ಬೆವರು, ಕೆಟ್ಟ ಕನಸು, ಸಿಡಿಮಿಡಿ, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಇದನ್ನು ರೋಗ ಮರಳಿತೆಂದೋ ಹೊಸ ಮಾತ್ರೆಯ ವಿಷವೆಂದೋ ತಿಳಿಯುವವರಿದ್ದಾರೆ. ರೋಗ ಮರಳುವುದು ಸಾಮಾನ್ಯವಾಗಿ ವಾರಗಳು, ತಿಂಗಳುಗಳ ನಂತರ, ಅದೂ ನಿಧಾನಕ್ಕೆ. ಹಾಗಾಗಿ ಯಾವ ತಾರೀಕಿಗೆ ಯಾವ ಮಾತ್ರೆ ಬಿಟ್ಟದ್ದು, ಯಾವುದು ಶುರುವಾದದ್ದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ನಮ್ಮ ದೇಶದಲ್ಲಿ ಎಸಿಟಾಲೊಪ್ರಾಮ್ ಜೊತೆಗೆ ಕ್ಲೊನಾಜೆಪಾಮ್ ಬೆರೆಸಿದ ಮಾತ್ರೆಗಳು ಧಾರಾಳವಾಗಿ ಬಳಕೆಯಲ್ಲಿವೆ. ಕ್ಲೊನಾಜೆಪಾಮ್ ಆತಂಕ, ನಿದ್ದೆಗೆ ಬೇಗ ಗುಣ ಕೊಡುತ್ತದೆ, ಅಭ್ಯಾಸವೂ ಆಗಿಬಿಡುತ್ತದೆ. ತಿಂಗಳುಗಟ್ಟಲೆ ನುಂಗಿದವರು ಏಕಾಏಕಿ ನಿಲ್ಲಿಸಿದರೆ ನಿದ್ದೆ ಹಾರಿಹೋಗುವುದಲ್ಲದೆ ಫಿಟ್ಸ್ ಬರುವ ಅಪಾಯವೂ ಇದೆ. ಮಾತ್ರೆ ಬದಲಾಗಿ ಹೊಸದರಲ್ಲಿ ಈ ಭಾಗ ಇಲ್ಲದಿದ್ದರೆ ಅದನ್ನು ಬೇರೆಯಾಗಿಯೇ ನಿಧಾನಕ್ಕೆ ಇಳಿಸಬೇಕಾಗುತ್ತದೆ.

ಇಪ್ಪತ್ತೈದು ತುಂಬದವರಲ್ಲಿ ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಬದಲಾದಾಗ ಸಾಯುವ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಕೆ ಸೇರಿಸಿತು. ಆ ದಿನಗಳಲ್ಲಿ ಮನೆಯವರು ಜೊತೆಗಿರಬೇಕು. ಕೃಷಿಕರ ಮನೆಯಲ್ಲಿ ಕೀಟನಾಶಕಕ್ಕೆ ಬೀಗ ಬೀಳಲಿ. ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರ ಹೋಗಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಸೋಡಿಯಂ ಇಳಿದು ಮಂಕು ಕವಿಯಬಹುದು.

ಹೆಸರು ಬೇರೆ, ಔಷಧ ಒಂದೇ

ನೆಕ್ಸಿಟೊ, ಎಸ್-ಸಿಟಾಡೆಪ್, ಸ್ಟಾಲೊಪಾಮ್ ಮೂರೂ ಎಸಿಟಾಲೊಪ್ರಾಮೇ. ಗಡಿಯ ಎರಡು ಕಡೆ ಎರಡು ಹೆಸರಿನಲ್ಲಿ ಬರೆದುಕೊಟ್ಟರೆ, ಎರಡನ್ನೂ ನುಂಗಿ ದುಪ್ಪಟ್ಟು ಮಾಡಿಕೊಳ್ಳುವ ಸಾಧ್ಯತೆ ಇದೆ. ಸ್ಟ್ರಿಪ್ಪಿನ ಮೇಲೆ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರು ಮತ್ತು ಮಿ.ಗ್ರಾಂ ಇರುತ್ತದೆ, ನೋಡಬೇಕಾದದ್ದು ಅದನ್ನೇ. ಖಾಲಿ ಸ್ಟ್ರಿಪ್ಪನ್ನಾದರೂ ಜೊತೆಗೆ ಒಯ್ಯಿರಿ.

ಮಾತಿನಲ್ಲೂ ಗೊಂದಲವಿದೆ. ಕನ್ನಡದಲ್ಲಿ 'ಬೇಜಾರು' ಎಂದರೆ ದುಃಖ, ಬೇಸರ. ಉತ್ತರ ಮಲಬಾರಿನ ಮಲಯಾಳದಲ್ಲಿ ಅದೇ ಶಬ್ದಕ್ಕೆ ದಿಗಿಲು, ಆತಂಕ ಎಂಬ ಅರ್ಥ. ಕಾಸರಗೋಡಿನ ರೋಗಿ 'ಬೇಜಾರು' ಎಂದು ಹೇಳಿ ಸುಮ್ಮನಾದರೆ ವೈದ್ಯರು ಬೇರೆಯದನ್ನೇ ತಿಳಿದುಕೊಳ್ಳಬಹುದು. ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತದೆಯೇ, ಎದೆ ಡವಡವ ಎನ್ನುತ್ತದೆಯೇ ಎಂದು ಬಿಡಿಸಿ ಹೇಳುವುದೇ ಲೇಸು.

ಮಾತ್ರೆ ಬದಲಾದ ಮೇಲೆ ಸಂದೇಹ ಬಂದು ವೈದ್ಯರು ದೂರವಿದ್ದರೆ 14416ಕ್ಕೆ ಫೋನ್ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಈ 'ಟೆಲಿ ಮಾನಸ್' ಸೇವೆ ಉಚಿತ. ಕನ್ನಡ, ಮಲಯಾಳ, ತಮಿಳು, ಮರಾಠಿ, ತೆಲುಗಿನಲ್ಲಿಯೂ ಮಾತಾಡಬಹುದು.

ಇನ್ನೊಂದು ಮಾತು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಹೋಗಲಾಗದೆ, ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಗಡಿಯಾಚೆಯಿಂದ ಮಾತ್ರೆ ತರುವವರು ಕೊನೆಯ ಮಾತ್ರೆಯವರೆಗೆ ಕಾಯದೆ, ಎರಡು ವಾರದ ಮಾತ್ರೆ ಕೈಯಲ್ಲಿರುವಾಗಲೇ ಮುಂದಿನದನ್ನು ತಂದಿಟ್ಟುಕೊಳ್ಳುವುದು ಒಳ್ಳೆಯದು.