ಕೋರ್ಟು ಬಿಟ್ಟರೂ ನೀತಿ ಬಿಡದ ಮಾತು

ಶಾಸಕರೋ ಸ್ವಾಮೀಜಿಯೋ ನಟರೋ ಫೇಸ್‌ಬುಕ್ಕಿನಲ್ಲಿ ರಾಜಕೀಯದ ಮಾತಾಡಿದರೆ ನಾವು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳಿಬಿಡುತ್ತೇವೆ: ಇದು ಅಪರಾಧವೇ? ಇದು ತಪ್ಪೇ? ಎರಡೂ ಬೇರೆ ಬೇರೆ ಎಂಬುದಕ್ಕೆ ಬೀದರ್ ನಗರದಲ್ಲೇ ಒಂದು ದಾಖಲೆಯಿದೆ.

ಶಾಹೀನ್ ಶಾಲೆಯ ನಾಟಕ

2020ರ ಜನವರಿ 21ರಂದು ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಕುರಿತು ನಾಟಕ ಆಡಿದರು. ಶಾಲೆಯೊಳಗೇ ಮುಗಿಯಬೇಕಿದ್ದ ಅದು ಫೇಸ್‌ಬುಕ್ ಏರಿತು. ಪ್ರಧಾನಿಗೆ ಚಪ್ಪಲಿಯಿಂದ ಹೊಡೆಯುವ ಸಂಭಾಷಣೆಯನ್ನು ಹಿಡಿದು ದೂರು ಬಂತು. ಜನವರಿ 26ಕ್ಕೆ ದೇಶದ್ರೋಹದ ಕೇಸು; 30ಕ್ಕೆ ಮುಖ್ಯ ಶಿಕ್ಷಕಿ ಹಾಗೂ ಒಬ್ಬ ವಿದ್ಯಾರ್ಥಿನಿಯ ತಾಯಿಯ ಬಂಧನ. ಪೊಲೀಸರು ಮಕ್ಕಳನ್ನೂ ಬಿಡದೆ ಮತ್ತೆ ಮತ್ತೆ ವಿಚಾರಿಸಿದರು.

2023ರ ಜೂನ್ 14ರಂದು ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು ರದ್ದುಮಾಡಿತು. ಹಿಂಸೆಗೆ ಕರೆಯಿಲ್ಲ, ಹಾಗಾಗಿ ದೇಶದ್ರೋಹವಿಲ್ಲ ಎಂಬುದು ಸಾರ. ಆದರೆ ಅದೇ ತೀರ್ಪು ಆ ಚಪ್ಪಲಿ ಮಾತನ್ನು ಅವಹೇಳನಕರ, ಬೇಜವಾಬ್ದಾರಿಯದು ಎಂದೂ ಕರೆಯಿತು. ಎರಡು ಪ್ರಶ್ನೆಗೆ ಎರಡು ಉತ್ತರ. ಮಕ್ಕಳ ಮಾತಿಗೇ ಇಷ್ಟು ಕಠಿಣ ತೂಕವಾದರೆ, ಭಾಷಣ ಬರೆಯಲು ಆಪ್ತ ಸಹಾಯಕರನ್ನು ಇಟ್ಟುಕೊಂಡವರಿಗೆ ವಿನಾಯಿತಿ ಯಾಕೆ ಎಂದು ಕೇಳಬೇಕಾಗುತ್ತದೆ.

ಯಾರು, ಏನು, ಎಲ್ಲಿ

ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಟಿವಿ ನಿರೂಪಕ ಅಮೀಶ್ ದೇವಗನ್ ಪ್ರಕರಣದಲ್ಲಿ ದ್ವೇಷದ ಮಾತನ್ನು ಅಳೆಯುವಾಗ ಯಾರು, ಏನು, ಎಲ್ಲಿ ಎಂಬ ಮೂರನ್ನೂ ನೋಡಬೇಕೆಂದಿತು. ಪ್ರಭಾವಿಗಳ ಹೊಣೆ ಹೆಚ್ಚು, ಏಕೆಂದರೆ ಜನ ಅವರ ಮಾತನ್ನು ನಂಬುತ್ತಾರೆ. ಭಾಲ್ಕಿ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಒಬ್ಬ ಆಡಿದ ಮಾತು ಲೋಟ ತೊಳೆಯುವಷ್ಟರಲ್ಲಿ ಮರೆತುಹೋಗುತ್ತದೆ. ಅದನ್ನೇ ಶಾಸಕರು ತಮ್ಮ ಅಧಿಕೃತ ಪುಟದಲ್ಲಿ ಬರೆದರೆ ಕಾರ್ಯಕರ್ತರಿಗೆ ಅದು ಅಪ್ಪಣೆ.

ಅದೇ ಕೋರ್ಟಿನ 2023ರ ಜನವರಿಯ ಕೌಶಲ್ ಕಿಶೋರ್ ತೀರ್ಪು ಇನ್ನೊಂದು ಗೆರೆ ಎಳೆಯಿತು: ಮಂತ್ರಿಯ ಪ್ರತಿ ಮಾತನ್ನೂ ಸರ್ಕಾರದ ತಲೆಗೆ ಕಟ್ಟಲಾಗದು. ಅಂದಮೇಲೆ ಆಡಿದವರೇ ಅದನ್ನು ಹೊರಬೇಕು.

ಔರಾದ್ ತಾಲ್ಲೂಕಿನ ಮುರ್ಕಿ

ತಾವೇ ಆಡದೆ ಬರೀ ಹಂಚಿದವರ ಹೊಣೆಯೇನು? 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಈ ಭಾಗಕ್ಕೆ ಕಾರಿನಲ್ಲಿ ಬಂದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ದಾರಿ ಕಟ್ಟಿದರು. ಗುಂಪಿನ ಹೊಡೆತಕ್ಕೆ ಆ ಗೆಳೆಯರಲ್ಲಿ ಒಬ್ಬರಾದ ಹೈದರಾಬಾದಿನ ಯುವ ಇಂಜಿನಿಯರ್ ಸತ್ತರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿ ಪ್ರಕಟಿಸಿತು.

ಅಲ್ಲಿ ಯಾವ ನಾಯಕರ ಹೇಳಿಕೆಯೂ ಬೇಕಾಗಲಿಲ್ಲ. ಹೆಸರಿಲ್ಲದ ಸುದ್ದಿಯೇ ಇಷ್ಟು ಮಾಡಿದ ಜಿಲ್ಲೆಯಲ್ಲಿ ಹೆಸರುಳ್ಳವರು ಪರಿಶೀಲಿಸದೆ ಒಂದು ವಿಡಿಯೊ ಹಂಚಿಕೊಂಡು, "ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ" ಎಂದರೆ ಒಪ್ಪಲಾಗದು. ಹಂಚುವುದೂ ಹೇಳಿಕೆಯೇ.

ತೂಗುವ ಮುನ್ನ

ಇಲ್ಲಿನ ಸಭೆಗಳಲ್ಲಿ ಕನ್ನಡ, ಮರಾಠಿ, ಉರ್ದು ಬೆರೆತೇ ಬರುತ್ತವೆ. ಹದಿನೈದು ಸೆಕೆಂಡಿನ ತುಣುಕಿಗೆ ಯಾರೋ ಹಾಕಿದ ಶೀರ್ಷಿಕೆ ನಂಬಿ ತೀರ್ಪು ಕೊಡುವ ಮೊದಲು ಪೂರ್ಣ ಭಾಷಣ ಹುಡುಕಬೇಕು. ಸರ್ಕಾರದ ನೀತಿಯನ್ನು ಬೈದರೋ, ಒಂದು ಸಮುದಾಯವನ್ನೋ? ಆಮೇಲೆ ನೋಡಬೇಕಾದ್ದು ತಪ್ಪು ಬಯಲಾದಾಗ ಅವರು ಮಾಡಿದ್ದೇನು ಎಂದು. ಸದ್ದಿಲ್ಲದೆ ಪೋಸ್ಟ್ ಅಳಿಸುವುದು ಈಗಿನ ರೂಢಿ. ಅದು ಕ್ಷಮೆಯಲ್ಲ: ಮೊದಲ ಪೋಸ್ಟ್ ತಲುಪಿದ ಗುಂಪುಗಳಿಗೆ ತಿದ್ದುಪಡಿ ಎಂದೂ ತಲುಪುವುದಿಲ್ಲ.